ಬಡಾವಣೆಯನ್ನು ಆರಿಸಬೇಕಾದವರು ಯಾರು?

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಿಂದ ಉದ್ಯೋಗವನ್ನರಸಿ ಬೆಂಗಳೂರಿಗೆ ಹೋಗುವವರ ಕುರಿತ ಚರ್ಚೆ ಸಾಮಾನ್ಯವಾಗಿ ಅವರು ಬಿಟ್ಟುಹೋದ ಊರುಗಳ ಸುತ್ತಲೇ ನಡೆಯುತ್ತದೆ. ವಯಸ್ಸಾದ ಇಬ್ಬರಷ್ಟೇ ಉಳಿದಿರುವ ದೊಡ್ಡ ಮನೆ, ಕೊನೆ ಕೊಯ್ಯಲು ಆಳು ಸಿಗದ ತೋಟ, ಮದುವೆಗೆ ಹೆಣ್ಣು ಸಿಗದೆ ಉಳಿದ ಕೃಷಿಕ ಯುವಕರು, ಮಕ್ಕಳಿಲ್ಲದೆ ಮುಚ್ಚುವ ಹಂತ ತಲುಪಿದ ಶಾಲೆ, ಇವೆಲ್ಲ ನಿಜವಾದ ಚಿಂತೆಗಳೇ ಆಗಿವೆ. ಆದರೆ ಹೋದವರು ಮಹಾನಗರದ ಯಾವ ಭಾಗದಲ್ಲಿ ನೆಲೆಸುತ್ತಾರೆ, ಆ ಭಾಗವನ್ನೇ ಏಕೆ ಹಿಡಿಯುತ್ತಾರೆ, ಮನೆಯೊಳಗೆ ಆ ತೀರ್ಮಾನವನ್ನು ಮಾಡುವವರು ಯಾರು ಎಂಬ ಪ್ರಶ್ನೆಗಳು ಅಷ್ಟೇ ಗಂಭೀರವಾಗಿ ಚರ್ಚೆಗೆ ಬಂದಿಲ್ಲ. ಮನೆ ಹುಡುಕುವುದನ್ನು ಬಾಡಿಗೆ ಮತ್ತು ದೂರದ ಲೆಕ್ಕಕ್ಕೆ ಸೇರಿದ ಸಣ್ಣ ವ್ಯವಹಾರವೆಂದು ಎಣಿಸಿ, ನೌಕರಿಗೆ ಸೇರುವ ವ್ಯಕ್ತಿ ಒಂದೆರಡು ಭಾನುವಾರಗಳಲ್ಲಿ ಅದನ್ನು ಮುಗಿಸಿಬಿಡುವುದೇ ರೂಢಿಯಾಗಿದೆ. ಬಡಾವಣೆಯ ಆಯ್ಕೆಯಲ್ಲಿ ಮೊದಲ ಮಾತು ಬೆಳಿಗ್ಗೆ ಹೊರಟು ರಾತ್ರಿ ಮರಳುವ ದುಡಿಯುವವನದಾಗಿರದೆ, ಹಗಲಿನ ಹೊತ್ತನ್ನು ಅಲ್ಲಿಯೇ ಕಳೆಯಬೇಕಾದವರದಾಗಿರಬೇಕು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಬೇಕಾದ ಆಧಾರ ಘಟ್ಟದ ಮೇಲಿನ ವಸತಿಯ ಸ್ವರೂಪದಲ್ಲಿಯೇ ಸಿಗುತ್ತದೆ. ಕಣಿವೆಯ ತಳದಲ್ಲಿ ಬಸಿಗಾಲುವೆಗಳ ನಡುವೆ ಅಡಿಕೆ ತೋಟ, ಅದಕ್ಕಿಂತ ಒಂದಿಷ್ಟು ಎತ್ತರದಲ್ಲಿ ಮನೆ, ಅಂಗಳ ಮತ್ತು ಕೊಟ್ಟಿಗೆ, ಅದರ ಮೇಲಕ್ಕೆ ಸೊಪ್ಪಿನ ಬೆಟ್ಟ, ಇದು ಇಲ್ಲಿನ ನೆಲದ ಕ್ರಮ. ಸೊಪ್ಪಿನ ಬೆಟ್ಟವೆಂದರೆ ತೋಟದ ಗೊಬ್ಬರಕ್ಕೂ ಕೊಟ್ಟಿಗೆಯ ಹಾಸಿಗೂ ಬೇಕಾದ ಸೊಪ್ಪು, ದರಕು (ಒಣಗಿದ ಎಲೆ) ತರಲು ತೋಟಿಗರಿಗೆ ಹಕ್ಕು ನೀಡಲಾದ ಅರಣ್ಯಭಾಗ. ಬ್ರಿಟಿಷ್ ಆಡಳಿತ ಕಾಲದ ವ್ಯವಸ್ಥೆಯಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟವನ್ನು ಬಿಟ್ಟುಕೊಡಲಾಗಿತ್ತು. ಹೀಗೆ ಕೆಳಗಿನ ತೋಟ, ಮೇಲಿನ ಬೆಟ್ಟ ಮತ್ತು ಗುಡ್ಡದ ಒರತೆಯಿಂದ ಅಡಿಕೆ ಮರದ ದಬ್ಬೆಯ ಮೂಲಕ ಅಂಗಳಕ್ಕೆ ಇಳಿಯುವ ಅಬ್ಬಿ ನೀರು ಇವು ಮೂರೂ ಸೇರಿ ಮನೆ ಎಲ್ಲಿರಬೇಕೆಂಬುದನ್ನು ಗೊತ್ತುಮಾಡುತ್ತಿದ್ದವು. ಅದೇ ಹಳ್ಳದ ನೀರನ್ನು ಹಂಚಿಕೊಂಡವನೇ ನೆರೆಯವನಾಗುತ್ತಿದ್ದನು. ದುಡಿಮೆಯ ಸ್ಥಳ ಮತ್ತು ವಾಸದ ಸ್ಥಳ ಒಂದೇ ಆಗಿದ್ದುದರಿಂದ ಗಂಡಸು, ಹೆಂಗಸು, ಮುದುಕರು, ಮಕ್ಕಳು ಎಲ್ಲರೂ ಇಡೀ ದಿನವನ್ನು ಒಂದೇ ಕೇರಿಯಲ್ಲಿ ಕಳೆಯುತ್ತಿದ್ದರು. ಕೇರಿ ಯಾರ ಅನುಕೂಲಕ್ಕೆ ಇರಬೇಕೆಂಬ ಪ್ರಶ್ನೆಗೆ ಅಲ್ಲಿ ಆಸ್ಪದವೇ ಇರಲಿಲ್ಲ.

ಈ ವ್ಯವಸ್ಥೆಯನ್ನು ಆದರ್ಶವೆಂದು ಎತ್ತಿಹಿಡಿಯುವ ಅಗತ್ಯವಿಲ್ಲ. ಮದುವೆಯಾಗಿ ಬಂದ ಹೆಣ್ಣಿಗೆ ಆ ಕೇರಿಯೂ ಯಾರೋ ಆರಿಸಿಟ್ಟ ಸ್ಥಳವೇ ಆಗಿತ್ತು, ತೋಟವಿಲ್ಲದ ಕೂಲಿಕಾರರ ಮನೆಗಳು ಊರಿನ ಅಂಚಿನಲ್ಲಿಯೇ ಉಳಿದವು, ಜಾತಿಯ ಗೆರೆಗಳು ಬಾವಿಯ ಕಟ್ಟೆಯವರೆಗೂ ಸ್ಪಷ್ಟವಾಗಿದ್ದವು. ಆದರೂ ನೀರು ಎಲ್ಲಿಂದ ಬರುತ್ತದೆ, ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಯಾರಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದ ಕಡೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ಅದೇ ಕುಟುಂಬದ ಮುಂದಿನ ತಲೆಮಾರು ನಗರದಲ್ಲಿ ಮನೆ ಹಿಡಿಯುವಾಗ ಈ ಮೂರು ಪ್ರಶ್ನೆಗಳನ್ನೂ ಕೇಳುವುದನ್ನು ಬಿಟ್ಟಿರುವುದು ಈ ವಲಸೆಯ ಅತ್ಯಂತ ಗಮನಾರ್ಹ ಸಂಗತಿ.

ವಲಸೆಯ ದಿಕ್ಕು ಹೇಗೆ ರೂಪುಗೊಂಡಿತೆಂಬುದನ್ನು ಸಂಕ್ಷೇಪವಾಗಿ ನೋಡಬೇಕು. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಕಚೇರಿಯ ಕೆಲಸಕ್ಕೆ ಮುಂಬಯಿ, ವಿದ್ಯೆಗೆ ಧಾರವಾಡ ಎಂಬುದು ಆ ಕಾಲದ ಸಹಜ ಆಯ್ಕೆಯಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ರಾಜಧಾನಿ ಬೆಂಗಳೂರಾಯಿತು, ಸರ್ಕಾರಿ ನೇಮಕಾತಿಗಳು ಅಲ್ಲಿಂದ ನಡೆಯತೊಡಗಿದವು, 1940ರಲ್ಲಿ ಆರಂಭವಾದ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಓದಿದ ಯುವಕರನ್ನು ಸೆಳೆದವು. ಮೂರು ತಾಲ್ಲೂಕುಗಳ ಒಲವು ಇಂದಿಗೂ ಒಂದೇ ಬಗೆಯದಲ್ಲ: ಯಲ್ಲಾಪುರಕ್ಕೆ ಹುಬ್ಬಳ್ಳಿ ಒಂದೂವರೆ ಗಂಟೆಯ ಹಾದಿಯಾದ್ದರಿಂದ ಅಲ್ಲಿನವರ ವ್ಯಾಪಾರ, ಆಸ್ಪತ್ರೆ, ಕಾಲೇಜುಗಳೆಲ್ಲ ಅತ್ತ ಕಡೆಗೇ ಇವೆ, ಸಿದ್ದಾಪುರದವರು ಸಾಗರ, ಶಿವಮೊಗ್ಗಗಳ ಮಾರ್ಗವಾಗಿ ದಕ್ಷಿಣಕ್ಕೆ ಇಳಿಯುತ್ತಾರೆ ಮತ್ತು ಸಮೀಪದ ತಾಳಗುಪ್ಪದಲ್ಲಿ ರೈಲು ಹಿಡಿಯಬಲ್ಲರು, ಶಿರಸಿಯವರು ಹಾವೇರಿಗೆ ಹೋಗಿ ಹೆದ್ದಾರಿ ಸೇರುತ್ತಾರೆ. ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲದಿರುವುದರಿಂದ ಈ ವಲಸೆ ಹೆಚ್ಚಾಗಿ ರಾತ್ರಿ ಬಸ್ಸಿನ ಮೇಲೆ ನಿಂತಿದೆ.

ಬಸ್ಸಿನ ಈ ಸಂಗತಿಯನ್ನು ಲಘುವಾಗಿ ಕಾಣಲಾಗದು, ಏಕೆಂದರೆ ಬೆಂಗಳೂರಿನ ಯಾವ ಬಡಾವಣೆಗಳು ಘಟ್ಟದ ಮೇಲಿನವರಿಗೆ ತಮ್ಮವೆನಿಸಿದವು ಎಂಬುದನ್ನು ಬಹುಮಟ್ಟಿಗೆ ವಿವರಿಸುವುದು ಅದೇ. ಹಾವೇರಿ, ದಾವಣಗೆರೆ, ಚಿತ್ರದುರ್ಗಗಳ ಮೂಲಕ ಬರುವ ಬಸ್ಸೂ ಶಿವಮೊಗ್ಗ, ತಿಪಟೂರುಗಳ ಮೂಲಕ ಬರುವ ಬಸ್ಸೂ ತುಮಕೂರಿನಲ್ಲಿ ಒಂದೇ ದಾರಿಗೆ ಸೇರಿ, ನೆಲಮಂಗಲ, ಪೀಣ್ಯ, ಯಶವಂತಪುರಗಳನ್ನು ದಾಟಿ ಮೆಜೆಸ್ಟಿಕ್ ತಲುಪುತ್ತವೆ. ಸುಮಾರು 400 ಕಿ.ಮೀ. ಪ್ರಯಾಣ ಮಾಡಿ, ಬೆಳಗಿನ ಐದೂವರೆಗೆ ಒಂದು ಚೀಲದಲ್ಲಿ ತೆಂಗಿನಕಾಯಿ ಮತ್ತು ಬಾಳೆಕಾಯಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿ ಕಟ್ಟಿದ ಜೋನಿ ಬೆಲ್ಲದ ಡಬ್ಬಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತುಕೊಂಡು ಇಳಿಯುವ ಎಪ್ಪತ್ತರ ವಯಸ್ಸಿನ ದಂಪತಿಗೆ, ಮಗನ ಮನೆ ಯಶವಂತಪುರದಿಂದ ಹತ್ತು ನಿಮಿಷದ ಆಟೋ ದೂರದಲ್ಲಿರುವುದಕ್ಕೂ ನಗರದ ಇನ್ನೊಂದು ತುದಿಯ ವೈಟ್‌ಫೀಲ್ಡಿನಲ್ಲಿರುವುದಕ್ಕೂ ಇರುವ ಅಂತರ ಕೇವಲ ಕಿಲೋಮೀಟರುಗಳದ್ದಲ್ಲ. ಮೊದಲನೆಯದಾದರೆ ಅವರು ಯಾರನ್ನೂ ಕಾಯಿಸದೆ ತಾವಾಗಿ ಬಂದು ತಾವಾಗಿ ಹೋಗಬಲ್ಲರು. ಎರಡನೆಯದಾದರೆ ಪ್ರತಿ ಬರುವಿಕೆಗೂ ಮಗ ರಜೆ ಹಾಕಬೇಕು ಇಲ್ಲವೇ ಅವರು ಬರುವುದನ್ನೇ ಕಡಿಮೆ ಮಾಡಬೇಕು. ಮಲ್ಲೇಶ್ವರ, ಮತ್ತೀಕೆರೆ, ರಾಜಾಜಿನಗರ, ವಿಜಯನಗರಗಳ ಕಡೆಗೆ ಹಿಂದಿನ ತಲೆಮಾರು ಒಲಿದದ್ದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಎರಡನೆಯ ಕಾರಣ ಬಂಧುತ್ವದ್ದು. ಮೊದಲು ಹೋದವನ ಕೋಣೆಯಲ್ಲಿ ನಂತರ ಬಂದ ತಮ್ಮನೋ ಭಾವನೋ ಊರಿನ ಪರಿಚಯದವನೋ ಕೆಲವು ತಿಂಗಳು ಉಳಿದು, ಕೆಲಸ ಸಿಕ್ಕ ಮೇಲೆ ಅದೇ ಬೀದಿಯ ಆಚೀಚೆ ಮನೆ ಹಿಡಿದು, ಮತ್ತೊಬ್ಬರನ್ನು ಕರೆಸಿಕೊಳ್ಳುವ ಕ್ರಮವನ್ನು ಸಮಾಜಶಾಸ್ತ್ರಜ್ಞರು ಸರಪಳಿ ವಲಸೆ ಎನ್ನುತ್ತಾರೆ. 1943ರಲ್ಲಿ ಸ್ಥಾಪನೆಯಾದ, ಹವ್ಯಕ ಬ್ರಾಹ್ಮಣರ ಸಂಘಟನೆಯಾದ ಹವ್ಯಕ ಮಹಾಸಭೆ ಮಲ್ಲೇಶ್ವರದಲ್ಲಿ ಕೇಂದ್ರ ಹೊಂದಿರುವುದು, ಗಿರಿನಗರದಲ್ಲಿ ರಾಮಚಂದ್ರಾಪುರ ಮಠದ ಶಾಖೆ ಇರುವುದು ಇಂಥ ಸರಪಳಿಗಳ ಫಲವೂ ಹೌದು, ಮುಂದಿನ ಕೊಂಡಿಗಳಿಗೆ ಕಾರಣವೂ ಹೌದು. ಹಳೆಯ ಬಡಾವಣೆಗಳ ರಚನೆಯೂ ಇದಕ್ಕೆ ಒದಗಿಬಂತು. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿಯೂ ಸ್ವಾತಂತ್ರ್ಯದ ಹೊಸತರಲ್ಲಿ ಎದ್ದ ಜಯನಗರ, ರಾಜಾಜಿನಗರಗಳಲ್ಲಿಯೂ ಮಾರುಕಟ್ಟೆ, ಶಾಲೆ, ದೇವಸ್ಥಾನ, ಉದ್ಯಾನಗಳು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದವು. ಕನ್ನಡವೊಂದನ್ನೇ ಬಲ್ಲವರು ಅಲ್ಲಿ ತರಕಾರಿ ಕೊಳ್ಳುವುದಕ್ಕೂ ವೈದ್ಯರಲ್ಲಿ ನೋವು ಹೇಳಿಕೊಳ್ಳುವುದಕ್ಕೂ ಯಾರ ಸಹಾಯವೂ ಬೇಕಿರಲಿಲ್ಲ.

ಈ ಗುಂಪುವಾಸವನ್ನು ಊರಿನ ಮೋಹವೆಂದೋ ಜಾತಿಯ ಅಂಟೆಂದೋ ಮಾತ್ರ ವಿವರಿಸುವುದು ವಾಡಿಕೆ. ಆ ವಿವರಣೆ ಅರ್ಧ ಸತ್ಯ. ಇಂಥ ಬಡಾವಣೆಯಿಂದ ಲಾಭ ಯಾರಿಗಾಯಿತೆಂದು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ನಗರದ ಪೂರ್ವಕ್ಕಿರುವ ಎಚ್‌ಎಎಲ್ ಅಥವಾ ಐಟಿಐನಲ್ಲಿ ದುಡಿಯುತ್ತ ಮಲ್ಲೇಶ್ವರದಲ್ಲಿ ಮನೆ ಮಾಡಿದವನು ದಿನವೂ ಕಾರ್ಖಾನೆಯ ಬಸ್ಸಿನಲ್ಲಿ ನಗರವನ್ನು ಅಡ್ಡ ಹಾಯಬೇಕಾಗುತ್ತಿತ್ತು. ಆ ಶ್ರಮ ಅವನದು. ಆದರೆ ಅವನು ಹೊರಟುಹೋದ ಮೇಲಿನ ಹತ್ತು ಗಂಟೆಗಳಲ್ಲಿ ಮಗುವಿಗೆ ಜ್ವರ ಬಂದರೆ ಓಡಿಬರುವ ಅತ್ತಿಗೆ, ಬಾಣಂತನಕ್ಕೆ ನೆರವಾಗುವ ಊರ ಕಡೆಯ ಹಿರಿಯಳು, ಶಾಲೆಯಿಂದ ಮಕ್ಕಳನ್ನು ಸರದಿಯಂತೆ ಕರೆತರುವ ನೆರೆಯವರು, ಇವರೆಲ್ಲರ ಪ್ರಯೋಜನ ಮನೆಯಲ್ಲಿ ಉಳಿದ ಹೆಂಗಸಿಗೂ ಮಕ್ಕಳಿಗೂ ದೊರೆಯುತ್ತಿತ್ತು. ಹಳ್ಳಿಯಲ್ಲಿ ಕೊಯ್ಲಿನ ಹೊತ್ತಿಗೆ ಒಬ್ಬರ ಮನೆಯವರು ಇನ್ನೊಬ್ಬರ ಮನೆಗೆ ದುಡಿದು ಆ ದುಡಿಮೆಯನ್ನೇ ಹಿಂದಕ್ಕೆ ಪಡೆಯುವ ಪದ್ಧತಿಗೆ ಮುಯ್ಯಾಳು ಎನ್ನುವುದುಂಟು. ನಗರದ ಆ ಬೀದಿಗಳಲ್ಲಿ ಮಕ್ಕಳ ಪಾಲನೆ ಮತ್ತು ರೋಗಿಗಳ ಆರೈಕೆಗೆ ಸಂಬಂಧಿಸಿದ ಮುಯ್ಯಾಳು ನಡೆಯುತ್ತಿತ್ತು. ಯಾರೂ ಸಿದ್ಧಾಂತವಾಗಿ ಮಂಡಿಸದೆಯೇ ಆ ತಲೆಮಾರು ಹಗಲಿನ ನಿವಾಸಿಗಳ ಪರವಾಗಿ ಬಡಾವಣೆಯನ್ನು ಆರಿಸಿತ್ತು.

ಆದರೆ ಇದರ ಬೆಲೆಯನ್ನೂ ಹೇಳದಿದ್ದರೆ ವಾದ ಅಪ್ರಾಮಾಣಿಕವಾಗುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಹವ್ಯಕರಷ್ಟೇ ಇಲ್ಲ. ನಾಮಧಾರಿಗಳು, ಕರಿ ಒಕ್ಕಲಿಗರು, ಮರಾಠಿಗರು, ಕುಣಬಿಗಳು, ಗೌಳಿಗಳು, ಯಲ್ಲಾಪುರದ ಕಾಡಂಚಿನ ಸಿದ್ದಿಗಳು, ಮುಸ್ಲಿಮರು, ಕ್ರೈಸ್ತರು, ದಲಿತರು ಎಲ್ಲರೂ ಇದೇ ರಾತ್ರಿ ಬಸ್ಸುಗಳಲ್ಲಿ ಹೋಗುತ್ತಾರೆ. ಸರಪಳಿ ವಲಸೆ ತನ್ನವರಿಗೆ ಮೊದಲ ಕೋಣೆಯನ್ನು ಒದಗಿಸುವ ಶಕ್ತಿ ಪಡೆದಿರುವುದೇ ಉಳಿದವರನ್ನು ಹೊರಗಿಡುವ ಮೂಲಕ. ನಗರದಲ್ಲಿ ಮೊದಲೇ ನೆಲೆಯೂರಿದ ಬಂಧು ಇಲ್ಲದವನಿಗೆ ಆ ಸರಪಳಿಯಲ್ಲಿ ಜಾಗವಿರುವುದಿಲ್ಲ. ಸಸ್ಯಾಹಾರಿಗಳಿಗೆ ಮಾತ್ರ, ಸಂಸಾರಸ್ಥರಿಗೆ ಮಾತ್ರ ಎಂಬ ಷರತ್ತಿನ ಹಿಂದೆ ಬಹಳ ಸಲ ಅಡಗಿರುವುದು ಜಾತಿ, ಧರ್ಮಗಳ ವಿಚಾರಣೆಯೇ. ಶಿರಸಿಯ ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರಲ್ಲಿ ಒಬ್ಬನಿಗೆ ಬೆಂಗಳೂರಿನ ಬೀದಿಯೊಂದು ಮೂರು ದಿನದಲ್ಲಿ ಬಾಗಿಲು ತೆರೆದು, ಇನ್ನೊಬ್ಬನಿಗೆ ಹೆಸರು ಕೇಳಿದೊಡನೆ ಮನೆ ಖಾಲಿಯಿಲ್ಲವೆಂದರೆ, ಆ ಬೀದಿಯ ಆಪ್ತತೆಯನ್ನು ಕೊಂಡಾಡುವುದಕ್ಕೆ ನೈತಿಕ ಹಕ್ಕು ಉಳಿಯುವುದಿಲ್ಲ. ಒಳಗಿರುವವರಿಗೂ ಇದರಿಂದ ನಷ್ಟವುಂಟು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಮಂಡಿಸಿದ ಪ್ರಸಿದ್ಧ ವಾದದ ಪ್ರಕಾರ, ಹೊಸ ಉದ್ಯೋಗ ಮತ್ತು ಹೊಸ ಮಾಹಿತಿಗಳು ಮನುಷ್ಯನಿಗೆ ದೊರೆಯುವುದು ಹೆಚ್ಚಾಗಿ ಗಾಢ ಬಂಧುಗಳಿಗಿಂತ ದೂರದ ಪರಿಚಯಸ್ಥರ ಮೂಲಕ. ಒಂದೇ ಊರಿನವರ ನಡುವೆಯೇ ಬಾಳುವವರಿಗೆ ತಮಗಾಗಲೇ ಗೊತ್ತಿರುವುದೇ ಮತ್ತೆ ಮತ್ತೆ ಕೇಳಿಬರುತ್ತದೆ.

ಇತ್ತೀಚಿನ ಮೂರು ದಶಕಗಳಲ್ಲಿ ಈ ಹಳೆಯ ಕ್ರಮ ಸಡಿಲವಾದದ್ದು ಇಂಥ ವಿವೇಚನೆಯಿಂದಲ್ಲ, ಉದ್ಯೋಗದ ಸ್ಥಳ ಬದಲಾದದ್ದರಿಂದ. 1978ರಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ ನಗರದ ದಕ್ಷಿಣದ ತುದಿಯಲ್ಲಿದೆ. ತೊಂಬತ್ತರ ದಶಕದಲ್ಲಿ ತಂತ್ರಾಂಶ ಕಂಪನಿಗಳು ಅಲ್ಲಿಯೂ ಪೂರ್ವದ ವೈಟ್‌ಫೀಲ್ಡಿನಲ್ಲಿಯೂ, ಮುಂದೆ ಹೊರವರ್ತುಲ ರಸ್ತೆಯ ಉದ್ದಕ್ಕೂ ಬೆಳೆದವು. ಘಟ್ಟದ ಬಸ್ಸು ಇಳಿಸುವುದು ವಾಯವ್ಯದಲ್ಲಿ, ಕೆಲಸ ಇರುವುದು ಆಗ್ನೇಯದಲ್ಲಿ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ 65 ಲಕ್ಷದಿಂದ 2011ಕ್ಕೆ 96 ಲಕ್ಷಕ್ಕೆ ಏರಿತು; ಟಾಮ್‌ಟಾಮ್ ಸಂಸ್ಥೆಯ ಅಳತೆಯಂತೆ 2022ರಲ್ಲಿ ನಗರದ ಕೇಂದ್ರಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗುತ್ತಿತ್ತು. ಇಂಥ ನಗರವನ್ನು ದಿನಕ್ಕೆರಡು ಬಾರಿ ಅಡ್ಡ ಹಾಯುವುದು ಎಚ್‌ಎಎಲ್ ಬಸ್ಸಿನ ಕಾಲದಂತೆ ಸಹಿಸಬಹುದಾದ ಶ್ರಮವಾಗಿ ಉಳಿದಿಲ್ಲ.

ಹೀಗೆ ಈಗಿನ ತಲೆಮಾರು ಕಚೇರಿಯ ಪಕ್ಕಕ್ಕೆ ಸರಿಯಿತು. ಅರ್ಥಶಾಸ್ತ್ರ ಇದನ್ನು ಸುಲಭವಾಗಿ ವಿವರಿಸುತ್ತದೆ. ವಿಲಿಯಂ ಅಲಾನ್ಸೊ 1964ರಲ್ಲಿ ರೂಪಿಸಿದ ಸಿದ್ಧಾಂತದಂತೆ, ಕುಟುಂಬವೊಂದು ಕೆಲಸದ ಕೇಂದ್ರಕ್ಕೆ ಹತ್ತಿರವಿರಲು ಹೆಚ್ಚು ಬಾಡಿಗೆ ಕೊಡುತ್ತದೆ ಅಥವಾ ದೂರ ಹೋಗಿ ಬಾಡಿಗೆಯಲ್ಲಿ ಉಳಿಸಿದ್ದನ್ನು ಪ್ರಯಾಣಕ್ಕೆ ತೆರುತ್ತದೆ; ಎರಡರ ನಡುವೆ ತೂಗಿ ತನಗೆ ಹೊಂದುವ ಸ್ಥಳದಲ್ಲಿ ನಿಲ್ಲುತ್ತದೆ. ಈ ತಕ್ಕಡಿ ಸರಿಯಿದ್ದರೆ ದೂರದಿಂದ ಓಡಾಡುವವರೂ ಬೇರಾವುದೋ ರೂಪದಲ್ಲಿ ಪರಿಹಾರ ಪಡೆದು ಉಳಿದವರಷ್ಟೇ ತೃಪ್ತರಾಗಿರಬೇಕಿತ್ತು. ಜರ್ಮನಿಯ ಕುಟುಂಬ ಸಮೀಕ್ಷೆಗಳನ್ನು ಪರಿಶೀಲಿಸಿದ ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೊಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗಾಗಿಲ್ಲವೆಂದು ತೋರಿಸಿದರು: ಪ್ರಯಾಣ ಉದ್ದವಾದಷ್ಟೂ ಜೀವನತೃಪ್ತಿ ಕಡಿಮೆಯಾಗಿತ್ತು. ಆದ್ದರಿಂದ ಕಚೇರಿಗೆ ಹತ್ತಿರವಿರಬೇಕೆಂಬ ಅಪೇಕ್ಷೆ ತಪ್ಪಲ್ಲ. ರಾತ್ರಿ ಒಂಬತ್ತಕ್ಕೆ ದಣಿದು ಬರುವ ತಂದೆಯಿಂದ ಮಗುವಿಗೂ ನಷ್ಟವೇ. ಆದರೆ ಅಲಾನ್ಸೊ ಅವರ ತಕ್ಕಡಿಯಲ್ಲಿ ಕುಟುಂಬವೆಂದರೆ ಕೆಲಸಕ್ಕೆ ಹೋಗಿಬರುವ ಒಬ್ಬ ವ್ಯಕ್ತಿ. ಅವನು ಹೋದ ಮೇಲೆ ಮನೆಯಲ್ಲಿ ಉಳಿದವರ ಹಗಲಿಗೆ ಅಲ್ಲಿ ತೂಕವೇ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಇಂದಿನ ಮನೆಗಳಲ್ಲಿ ಇಬ್ಬರ ಕಚೇರಿಗಳ ನಡುವಣ ಬಿಂದುವನ್ನು ಭೂಪಟದಲ್ಲಿ ಹುಡುಕಲಾಗುತ್ತದೆ. ಆ ಬಿಂದುವಿನಲ್ಲಿ ಹಗಲು ಕಳೆಯುವವರು ಮೂರು ವರ್ಷದ ಮಗು ಮತ್ತು ಅದನ್ನು ನೋಡಿಕೊಳ್ಳಲು ಊರಿನಿಂದ ಬಂದ ಅಜ್ಜಿ.

ಆ ಅಜ್ಜಿಯ ದಿನವನ್ನು ಹತ್ತಿರದಿಂದ ನೋಡುವುದು ಅವಶ್ಯ. ಸಿದ್ದಾಪುರದ ಕೇರಿಯಲ್ಲಿ ಬೆಳಿಗ್ಗೆ ಹಾಲು ಕರೆದು, ಹೂವು ಕೊಯ್ದು, ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ನೆರೆಮನೆಯವರೊಂದಿಗೆ ಮಾತಾಡುತ್ತ ಕೂರುತ್ತಿದ್ದ ಹೆಂಗಸು, ಹೊರವರ್ತುಲ ರಸ್ತೆಯ ಬಳಿಯ ಅಪಾರ್ಟ್‌ಮೆಂಟಿನ ಹನ್ನೆರಡನೆಯ ಮಹಡಿಯಲ್ಲಿ ಎಂಟು ಗಂಟೆಗೆ ಬಾಗಿಲು ಹಾಕಿಕೊಳ್ಳುತ್ತಾಳೆ. ಕೆಳಗಿಳಿದರೆ ಕಾಂಪೌಂಡಿನೊಳಗೆ ಸುತ್ತಬಹುದು. ಗೇಟಿನಾಚೆ ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವಂತಿಲ್ಲ. ಕಾವಲುಗಾರ, ಮನೆಗೆಲಸದವಳು, ಪಕ್ಕದ ಮನೆಯವರು, ಔಷಧಿ ಅಂಗಡಿಯವನು ಇವರಲ್ಲಿ ಕನ್ನಡ ಬಲ್ಲವರು ಒಬ್ಬರಿದ್ದರೆ ಅದು ಭಾಗ್ಯ. ಕೊತ್ತಂಬರಿ ಸೊಪ್ಪೂ ಮೊಬೈಲಿನ ಮೂಲಕ ಬರುವುದರಿಂದ ಅಂಗಡಿಗೆ ಹೋಗುವ ನೆಪವೂ ಇಲ್ಲ. ಮೊಮ್ಮಗಳಿಗಾಗಿ ಬಂದ ಆಕೆ ಎರಡು ತಿಂಗಳು ಕಳೆಯುವಷ್ಟರಲ್ಲಿ ತೋಟದ ಕೆಲಸದ ನೆವ ಹೇಳಿ ಊರಿಗೆ ಮರಳಲು ಹಾತೊರೆಯುತ್ತಾಳೆ. ಮಗ ಸೊಸೆಯರು ಅದನ್ನು ಹಳ್ಳಿಯವರ ಹಠವೆಂದು ತಿಳಿಯುತ್ತಾರೆ. ಹೊಂದಿಕೊಳ್ಳದಿರುವುದು ಆಕೆಯ ಸ್ವಭಾವವಲ್ಲ, ಹೊಂದಿಕೊಳ್ಳಲು ಆ ಸ್ಥಳದಲ್ಲಿ ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ ಎಂಬುದನ್ನು ಒಪ್ಪಿಕೊಂಡರೆ ಮನೆ ಹುಡುಕುವ ಕ್ರಮವೇ ಬದಲಾಗುತ್ತದೆ.

ಬದಲಾದ ಕ್ರಮದಲ್ಲಿ ಮೊದಲು ನೋಡಬೇಕಾದದ್ದು ನೀರು ಮತ್ತು ನೆಲದ ಇಳಿಜಾರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳ ದುಬಾರಿ ಬಡಾವಣೆಗಳಲ್ಲಿ ನೀರು ನುಗ್ಗಿ ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಕೆರೆಯಿಂದ ಕೆರೆಗೆ ಮಳೆನೀರು ಒಯ್ಯುವ ರಾಜಕಾಲುವೆಗಳು ಒತ್ತುವರಿಯಾಗಿದ್ದವು, ತಗ್ಗು ನೆಲದ ಮೇಲೆ ಮನೆಗಳು ಎದ್ದಿದ್ದವು. 2024ರ ಬೇಸಿಗೆಯಲ್ಲಿ ಅದೇ ನಗರದ ಹೊರವಲಯಗಳಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ದಾರಿ ಕಾಯುವಂತಾಯಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಸೇರ್ಪಡೆಯಾದ 17 ವರ್ಷಗಳ ನಂತರ. ಟ್ಯಾಂಕರು ಬಾರದ ದಿನ ಬಕೆಟ್ಟು ಹಿಡಿದು ನಿಲ್ಲುವವರು ಕಚೇರಿಗೆ ಹೋದವರಲ್ಲ. ಬಸಿಗಾಲುವೆ ಕಟ್ಟಿಕೊಂಡರೆ ತೋಟಕ್ಕೆ ಕೊಳೆ ಬೀಳುತ್ತದೆಂದು ಹುಟ್ಟಿನಿಂದ ಬಲ್ಲವರು ಬೆಂಗಳೂರಿನಲ್ಲಿ ನಿವೇಶನ ಕೊಳ್ಳುವಾಗ ಮಳೆಯ ನೀರು ಎತ್ತ ಹರಿಯುತ್ತದೆಂದು ನೋಡದಿರುವುದು ನೋವಿನ ಸಂಗತಿ. ಆ ಪ್ರಶ್ನೆಯನ್ನು ಕೇಳಲು ಊರಿನಿಂದ ತಂದೆಯನ್ನು ಒಮ್ಮೆ ಕರೆಸಿ ಆ ಬೀದಿಯಲ್ಲಿ ನಡೆಸಿದರೂ ಸಾಕಾಗುತ್ತದೆ.

ನೀರಿನ ನಂತರ ಕಾಲ್ನಡಿಗೆ. ತರಕಾರಿ, ಔಷಧಿ, ಸಾಮಾನ್ಯ ಕಾಯಿಲೆ ನೋಡುವ ವೈದ್ಯರು, ಅಂಗನವಾಡಿ ಅಥವಾ ಶಾಲೆ, ನೆರಳಿರುವ ಒಂದು ಉದ್ಯಾನ, ಬಸ್ ನಿಲ್ದಾಣ ಇವು ಎಪ್ಪತ್ತರ ವ್ಯಕ್ತಿ ನಡೆದು ಹೋಗುವಷ್ಟು ದೂರದಲ್ಲಿರಬೇಕು; ಮತ್ತು ಆ ದಾರಿಯನ್ನು ಭಾನುವಾರ ಬೆಳಿಗ್ಗೆ ನೋಡದೆ ವಾರದ ದಿನದ ಹನ್ನೊಂದು ಗಂಟೆಗೆ, ಸಂಜೆ ಐದಕ್ಕೆ ನಡೆದು ನೋಡಬೇಕು. ನೆರೆಯವರು ಯಾವ ಊರಿನವರೆಂಬುದಕ್ಕಿಂತ ಆ ಬೀದಿಯ ಜನ ಹಗಲಿನಲ್ಲಿ ಹೊರಗೆ ಕಾಣಿಸಿಕೊಳ್ಳುತ್ತಾರೆಯೇ, ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆಯೇ ಎಂಬುದು ಮುಖ್ಯ. ಹಿಂದಿನ ಗುಂಪುವಾಸ ನೀಡುತ್ತಿದ್ದ ಆಸರೆಯನ್ನು ಒಂದೇ ಜಾತಿಯ ಬೀದಿಯಿಲ್ಲದೆಯೂ ಪಡೆಯಲು ಸಾಧ್ಯವೆಂಬುದಕ್ಕೆ ಮಿಶ್ರ ಜನವಸತಿಯ ಹಳೆಯ ಬಡಾವಣೆಗಳೇ ಸಾಕ್ಷಿ. ಅಲ್ಲಿ ಆಸರೆಯನ್ನು ಹುಟ್ಟಿಸಿದ್ದು ಅಂಗಡಿ, ಕಟ್ಟೆ, ಶಾಲೆಯ ಗೇಟುಗಳಲ್ಲಿ ದಿನವೂ ಆಗುವ ಭೇಟಿ.

ಹಾಗಾದರೆ ಊರಿನ ಬಸ್ಸು? ವರ್ಷಕ್ಕೆ ನಾಲ್ಕಾರು ಬಾರಿ ಬೇಕಾಗುವ ಬಸ್ಸಿಗಾಗಿ ಪ್ರತಿದಿನದ ಮೂರು ಗಂಟೆಗಳನ್ನು ತೆರುವುದು ಈಗ ಸರಿಯಾದ ಲೆಕ್ಕವಲ್ಲ, ಅದರಲ್ಲೂ ಮೆಟ್ರೊ ಬಂದ ಮೇಲೆ. ತುಮಕೂರು ರಸ್ತೆಯಲ್ಲಿ ಮಾದಾವರದಿಂದ ಹೊರಡುವ ಹಸಿರು ಮಾರ್ಗ ಯಶವಂತಪುರ, ಮೆಜೆಸ್ಟಿಕ್‌ಗಳನ್ನು ಮುಟ್ಟಿ ದಕ್ಷಿಣಕ್ಕೆ ಹೋಗುತ್ತದೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡಿನವರೆಗೆ ಅಖಂಡವಾಗಿದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಹಾಗಾಗಿ ಮಲ್ಲೇಶ್ವರ ಅಥವಾ ಇಂದಿರಾನಗರ ಎಂಬ ಹೆಸರಿಗಿಂತ ನಿಲ್ದಾಣಕ್ಕೆ ನಡೆದು ಹೋಗಬಹುದೇ ಎಂಬುದು ದೊಡ್ಡ ಪ್ರಶ್ನೆಯಾಗಿದೆ: ಅದೇ ನಿಲ್ದಾಣ ದುಡಿಯುವವರನ್ನು ಕಚೇರಿಗೂ ಬೆಳಗಿನ ಬಸ್ಸಿನಲ್ಲಿ ಬಂದ ಹಿರಿಯರನ್ನು ಮನೆಗೂ ಸೇರಿಸಬಲ್ಲದು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ವೆಚ್ಚವೂ ಇಲ್ಲವಾದ ಮೇಲೆ, ಬಸ್ಸು ಸಾಕಷ್ಟು ಓಡಾಡುವ ಬೀದಿಯಲ್ಲಿ ಮನೆ ಇರುವುದರ ಬೆಲೆ ಹಗಲಿನ ನಿವಾಸಿಗಳ ಮಟ್ಟಿಗೆ ಇನ್ನಷ್ಟು ಹೆಚ್ಚಿದೆ.

ಇಷ್ಟನ್ನೆಲ್ಲ ಒಂದೇ ನೋಟದಲ್ಲಿ ಅರಿಯಲಾಗದು ಎಂಬುದರಿಂದಲೇ ಮೊದಲ ವರ್ಷ ಬಾಡಿಗೆಯ ಮನೆಯಲ್ಲಿರುವುದು ಲೇಸು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳ ಕರಾರು ರೂಢಿಯಲ್ಲಿದೆ. ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ನೋಡಲು ಅಷ್ಟು ಅವಧಿ ಸಾಲುತ್ತದೆ. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿಯೇ ಇದಕ್ಕೆ ದೊಡ್ಡ ತೊಡಕು, ಏಕೆಂದರೆ ಅಷ್ಟು ಹಣ ಕಟ್ಟಿದವರು ಸ್ಥಳ ಹಿಡಿಸದಿದ್ದರೂ ಬೇಗ ಬಿಟ್ಟು ಹೊರಡಲಾರರು; ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳಿಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಊರಿನ ಹಣವನ್ನೂ ಸೇರಿಸಿ, ಕುಟುಂಬ ಒಮ್ಮೆಯೂ ವಾಸಿಸದ ಬಡಾವಣೆಯಲ್ಲಿ ಫ್ಲ್ಯಾಟ್ ಕೊಳ್ಳುವ ಆತುರ ಈ ದೃಷ್ಟಿಯಿಂದ ಅಪಾಯಕಾರಿ.

ಇದೇ ನ್ಯಾಯ ಎದುರು ದಿಕ್ಕಿನಲ್ಲಿ ಬರುವವರಿಗೂ ಅನ್ವಯಿಸುತ್ತದೆ. ಯಲ್ಲಾಪುರಕ್ಕೋ ಶಿರಸಿಗೋ ವರ್ಗವಾಗಿ ಬರುವ ಬ್ಯಾಂಕ್ ನೌಕರರು, ಶಿಕ್ಷಕರು, ವೈದ್ಯರು ಸಾಮಾನ್ಯವಾಗಿ ಬೇಸಿಗೆಯಲ್ಲಿ ಮನೆ ನೋಡುತ್ತಾರೆ; ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಏಪ್ರಿಲ್ ತಿಂಗಳಿನ ಮನೆ ಜುಲೈ ತಿಂಗಳಿನಲ್ಲಿ ಬೇರೆಯೇ ಆಗಿರುತ್ತದೆ. ಗೋಡೆಗೆ ಬೂಷ್ಟು ಹಿಡಿದು, ವಿದ್ಯುತ್ ದಿನಗಟ್ಟಲೆ ಕೈಕೊಟ್ಟು, ಮೊಬೈಲ್ ಸಂಪರ್ಕವೂ ಕಡಿದುಹೋದಾಗ ಆ ಮನೆಯೊಳಗೆ ಇರುವವರು ನೌಕರನ ಹೆಂಡತಿ ಮಕ್ಕಳು. ಕೊನೆಗೆ ಕುಟುಂಬವನ್ನು ಹುಬ್ಬಳ್ಳಿಯಲ್ಲಿಟ್ಟು ತಾನೊಬ್ಬ ಓಡಾಡುವ ನೌಕರನನ್ನು ಊರಿನವರು ದೂರುತ್ತಾರೆ. ಆದರೆ ಆ ತೀರ್ಮಾನ ಹಗಲಿನ ನಿವಾಸಿಗಳ ಮಾತಿಗೆ ಬೆಲೆ ಕೊಟ್ಟು ಆದದ್ದೆಂಬುದನ್ನು ಮರೆಯಬಾರದು. 2021ರ ಜುಲೈ ತಿಂಗಳಿನಲ್ಲಿ ಭೂಕುಸಿತಕ್ಕೆ ಸಿಕ್ಕ ಯಲ್ಲಾಪುರ ತಾಲ್ಲೂಕಿನ ಕಳಚೆಯ ಜನರಿಗಂತೂ ನೆಲೆ ಬದಲಿಸುವುದು ಉದ್ಯೋಗದ ಪ್ರಶ್ನೆಯಾಗಿ ಬರಲಿಲ್ಲ, ಕಾಲಕೆಳಗಿನ ನೆಲದ ಪ್ರಶ್ನೆಯಾಗಿ ಎದುರಾಯಿತು. ಅಂಥವರ ಪುನರ್ವಸತಿಯಲ್ಲಿಯೂ ನಿವೇಶನದ ಅಳತೆಗಿಂತ ಮೊದಲು ಕೇಳಬೇಕಾದದ್ದು ಅಲ್ಲಿ ಹಗಲು ಹೇಗೆ ಕಳೆಯುತ್ತದೆಂಬುದನ್ನೇ.

ಇಲ್ಲಿಯವರೆಗಿನ ಚರ್ಚೆ ಆಯ್ಕೆಯ ಅವಕಾಶ ಇರುವವರದ್ದು. ಕಟ್ಟಡ ಕೆಲಸಕ್ಕೆ, ಹೋಟೆಲಿಗೆ, ಕಾವಲುಗಾರಿಕೆಗೆ ಹೋಗುವವರು ಮೇಸ್ತ್ರಿ ತೋರಿಸಿದ ತಗಡಿನ ಶೆಡ್ಡಿನಲ್ಲಿ, ಮಾಲೀಕ ಕೊಟ್ಟ ಅಟ್ಟದಲ್ಲಿ, ಬೇಸ್‌ಮೆಂಟಿನ ಕೋಣೆಯಲ್ಲಿ ಇರುತ್ತಾರೆ. ಅವರ ಮಕ್ಕಳ ಹಗಲನ್ನು ನಗರಯೋಜನೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮೊದಲ ಬಾರಿಗೆ ನಗರಕ್ಕೆ ಹೋಗುವ, ಅಲ್ಲಿ ಬಂಧುಗಳಿಲ್ಲದ ಹುಡುಗಿಗೆ ದುಬಾರಿ ಪಿಜಿಯೇ ಗತಿ. ಈ ಕೊರತೆಯನ್ನು ತುಂಬುವುದರಲ್ಲಿ ಸರ್ಕಾರದ ಉದ್ಯೋಗಸ್ಥ ಮಹಿಳೆಯರ ವಸತಿನಿಲಯಗಳಿಗೂ ಬಡಾವಣೆಯ ಅಂಗನವಾಡಿಗಳಿಗೂ ದೊಡ್ಡ ಪಾಲಿದೆ. ಬೆಂಗಳೂರಿನಲ್ಲಿ ಜಾತಿಯ ಹೆಸರಿನಲ್ಲಿ ಭವನಗಳನ್ನು ಕಟ್ಟುವಷ್ಟು ಶಕ್ತವಾಗಿರುವ ಘಟ್ಟದ ಮೇಲಿನ ಸಮುದಾಯಗಳು ತಾಲ್ಲೂಕಿನ ಹೆಸರಿನಲ್ಲಿ ಒಂದು ವಸತಿನಿಲಯವನ್ನು ನಡೆಸಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಬರುವ ಯಾರಿಗಾದರೂ, ಜಾತಿ ಕೇಳದೆ, ಮೊದಲ ಮೂರು ತಿಂಗಳು ಕಡಿಮೆ ಬಾಡಿಗೆಗೆ ಕೋಣೆ ಕೊಟ್ಟರೆ, ಬಂಧುಗಳಿಲ್ಲದವರಿಗೂ ಬೀದಿಗಳನ್ನು ನಡೆದು ನೋಡಿ, ನೀರು ಮತ್ತು ಬಸ್ಸುಗಳನ್ನು ವಿಚಾರಿಸಿ, ಮನೆಯವರನ್ನು ಕರೆಸಿ ತೋರಿಸಿ ತೀರ್ಮಾನಿಸುವಷ್ಟು ಬಿಡುವು ದೊರೆಯುತ್ತದೆ. ಅದಕ್ಕೆ ಬೇಕಾದದ್ದು ಮೆಟ್ರೊ ನಿಲ್ದಾಣದ ಹತ್ತಿರ ಇಪ್ಪತ್ತು ಮೂವತ್ತು ಕೋಣೆಗಳ ಒಂದು ಬಾಡಿಗೆ ಕಟ್ಟಡ ಮತ್ತು ಅದರ ಪ್ರವೇಶದ ಅರ್ಜಿಯಲ್ಲಿ ಜಾತಿಯ ಕಾಲಂ ಇರಕೂಡದೆಂಬ ಒಂದು ನಿರ್ಣಯ.